ಹಳೇ ಮಿಲಿಟರಿ ಡೀಸೆಲ್ ಟ್ರಕ್ ಸ್ಟಾರ್ಟ್ ಆಗದಿದ್ದರೆ: ಸೆಲ್ಫ್ ಸದ್ದು ಕೇಳಿ, ಸೈಲೆನ್ಸರ್ ಹೊಗೆ ನೋಡಿ

ಸೇನೆಯಿಂದ ಹರಾಜಾಗಿ ಬಂದ ಹಳೇ ಡೀಸೆಲ್ ಟ್ರಕ್ ಸ್ಟಾರ್ಟ್ ಆಗದೆ ನಿಂತರೆ, ಸ್ಪ್ಯಾನರ್ ಹಿಡಿಯುವ ಮೊದಲು ಎರಡೇ ವಿಷಯ ಗಮನಿಸಿ. ಸೆಲ್ಫ್ ಹೊಡೆದಾಗ ಎಂಜಿನ್ ಹೇಗೆ ತಿರುಗುತ್ತಿದೆ? ತಿರುಗುವಾಗ ಸೈಲೆನ್ಸರ್‌ನಿಂದ ಹೊಗೆ ಬರುತ್ತಿದೆಯಾ, ಬಂದರೆ ಯಾವ ಬಣ್ಣ? ಇಷ್ಟು ಗೊತ್ತಾದರೆ ಹುಡುಕಾಟ ಅರ್ಧಕ್ಕರ್ಧ ಕಡಿಮೆ ಆಗುತ್ತದೆ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಜೋರಾಗಿ ಒತ್ತುತ್ತದೆ, ಒತ್ತಡಕ್ಕೆ ಗಾಳಿ ಕಾದು ಬಿಸಿಯಾಗುತ್ತದೆ, ಆ ಬಿಸಿಗೆ ನಾಝಲ್ ಡೀಸೆಲ್ ಚಿಮ್ಮಿಸಿದಾಗ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಂದರೆ ಎಂಜಿನ್ ವೇಗವಾಗಿ ತಿರುಗಬೇಕು, ಡೀಸೆಲ್ ತಲುಪಬೇಕು, ಗಾಳಿ ಕಾಯಬೇಕು. ನಾಲ್ಕನೆಯದು ಏನೂ ಇಲ್ಲ. ಈ ಹಳೇ ಟ್ರಕ್‌ಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್‌ಗಳ ಗೊಂದಲ ಇಲ್ಲ. ತಾಳ್ಮೆ ಇದ್ದರೆ ಒಂದು ಮಲ್ಟಿಮೀಟರ್, ನಾಲ್ಕು ಸ್ಪ್ಯಾನರ್, ಒಂದು ತುಂಡು ಪಾರದರ್ಶಕ ಪೈಪಿನಲ್ಲಿ ಬಹಳಷ್ಟು ದೋಷ ಹಿಡಿಯಬಹುದು. ಸುಮ್ನೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗಬೇಡಿ. ದುಡ್ಡು ಹೋಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ.

ಸೆಲ್ಫ್ ಹೊಡೆಯುವ ಮುಂಚೆ

ಟ್ರಕ್ ಬಯಲಲ್ಲಿ ಇರಲಿ, ಶೆಡ್ಡಿನೊಳಗೆ ಬೇಡ. ಗೇರ್ ನ್ಯೂಟ್ರಲ್‌ನಲ್ಲಿದೆಯಾ ನೋಡಿ. ಚಕ್ರ ಉರುಳದ ಹಾಗೆ ಎರಡೂ ಕಡೆ ಅಡ್ಡ ಕೊಡಿ. ತಿಂಗಳುಗಟ್ಟಲೆ ನಿಂತ ಗಾಡಿಯ ಏರ್ ಟ್ಯಾಂಕ್ ಖಾಲಿ ಇರುತ್ತದೆ, ಕಾಲಿನ ಬ್ರೇಕನ್ನು ನಂಬುವ ಹಾಗಿಲ್ಲ.

ಆಯಿಲ್ ಸ್ಟಿಕ್ ಎಳೆದು ನೋಡಿ, ಮೂಸಿಯೂ ನೋಡಿ. ಮಟ್ಟ ಗುರುತಿಗಿಂತ ಮೇಲೇರಿದ್ದು ಡೀಸೆಲ್ ವಾಸನೆ ಬಂದರೆ, ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ತರುವುದು) ಅಥವಾ ಇಂಜೆಕ್ಷನ್ ಪಂಪಿನಿಂದ (ನಾಝಲ್‌ಗಳಿಗೆ ಒತ್ತಡದಲ್ಲಿ ಕಳಿಸುವುದು) ಡೀಸೆಲ್ ಆಯಿಲ್‌ಗೆ ಇಳಿದಿದೆ ಎಂದರ್ಥ. ಹಾಗಿದ್ದರೆ ಎಂಜಿನ್ ತಿರುಗಿಸಲೇಬೇಡಿ. ಆಯಿಲ್ ತೆಳುವಾಗಿ ಬೇರಿಂಗ್ ಹೋಗುತ್ತದೆ. ಅದಕ್ಕಿಂತ ಅಪಾಯ ಏನೆಂದರೆ, ಎಂಜಿನ್ ಆ ಆಯಿಲನ್ನೇ ಎಳೆದು ಉರಿಸಿಕೊಂಡು ಹಿಡಿತ ತಪ್ಪಿ ಓಡಬಹುದು. ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಆಗಲೂ ಅಷ್ಟೇ.

ವರ್ಷಗಟ್ಟಲೆ ನಿಂತ ಎಂಜಿನ್ ಆಗಿದ್ದರೆ ಮೊದಲ ಸಲ ಕೈಯಿಂದಲೇ ತಿರುಗಿಸಿ. ಬ್ಯಾಟರಿ ಕಳಚಿಟ್ಟು, ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದಿಟ್ಟು, ಕ್ರ್ಯಾಂಕ್ ಪುಲ್ಲಿ ನಟ್ಟಿಗೆ ಉದ್ದನೆಯ ಪಾನಾ ಹಾಕಿ, ಪೂರ್ತಿ ಎರಡು ಸುತ್ತು. ಎಲ್ಲೂ ಗಟ್ಟಿಯಾಗಿ ತಡೆಯದೆ ತಿರುಗಬೇಕು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ತುಂಬಾ ದಿನ ನಿಂತ ಇಂಜೆಕ್ಷನ್ ಪಂಪಿನ ರ್‍ಯಾಕ್ (ಡೀಸೆಲ್ ಅಳತೆ ಹೆಚ್ಚು ಕಡಿಮೆ ಮಾಡುವ ಸರಳು) ಹಳೇ ಡೀಸೆಲ್ಲಿನ ಅಂಟಿಗೆ ಸಿಕ್ಕಿಕೊಂಡು ಫುಲ್ ಆಕ್ಸಿಲರೇಟರ್ ಜಾಗದಲ್ಲೇ ನಿಂತಿರಬಹುದು. ಸ್ಟಾರ್ಟ್ ಆದ ಕೂಡಲೇ ಆರ್‌ಪಿಎಂ ಏರುತ್ತಲೇ ಹೋಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಅದಕ್ಕೇ ಮೊದಲ ಸ್ಟಾರ್ಟ್‌ಗೆ ಇಬ್ಬರಿರಿ. ಒಬ್ಬರು ಸ್ಟಾಪ್ ಕೇಬಲ್ ಹಿಡಿದು ಕೂರಲಿ. ಇನ್ನೊಬ್ಬರು ಗಾಳಿ ಒಳಗೆ ಹೋಗುವ ಬಾಯಿಯ ಹತ್ತಿರ, ಅದನ್ನು ಪೂರ್ತಿ ಮುಚ್ಚುವಂಥ ದಪ್ಪ ಹಲಗೆ ಹಿಡಿದು ನಿಲ್ಲಲಿ. ಕೈ ಅಡ್ಡ ಕೊಡಬಾರದು, ಬಟ್ಟೆಯೂ ಬೇಡ. ಎಂಜಿನ್ ಬಟ್ಟೆಯನ್ನು ಒಳಗೆಳೆದುಕೊಂಡು ಬಿಡುತ್ತದೆ.

ಬಟನ್ ಒತ್ತಿದರೂ ಸದ್ದೇ ಇಲ್ಲ

ಡ್ಯಾಶ್‌ಬೋರ್ಡ್ ಲೈಟು, ಮೀಟರ್ ಮುಳ್ಳು ಅಲುಗಾಡುತ್ತವಾ ನೋಡಿ. ಅವೂ ಸತ್ತಿದ್ದರೆ ಬ್ಯಾಟರಿ ಮೇನ್ ಸ್ವಿಚ್, ಬ್ಯಾಟರಿ ಟರ್ಮಿನಲ್, ಎರಡು ಬ್ಯಾಟರಿ ಸೇರಿಸುವ ನಡುವಿನ ಕೇಬಲ್, ಇವಿಷ್ಟೇ ನೋಡಬೇಕಾದದ್ದು. ಲೈಟು ಉರಿದು ಸೆಲ್ಫ್ ಮಾತ್ರ ಸುಮ್ಮನಿದ್ದರೆ ದೋಷ ಸ್ಟಾರ್ಟ್ ಬಟನ್, ನ್ಯೂಟ್ರಲ್ ಅಥವಾ ಕ್ಲಚ್ ಸ್ವಿಚ್, ರಿಲೇ, ಇಲ್ಲವೇ ಸೋಲೆನಾಯ್ಡ್‌ಗೆ (ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್) ಹೋಗುವ ಸಣ್ಣ ವೈರಿನಲ್ಲಿದೆ.

ಒಬ್ಬರು ಬಟನ್ ಒತ್ತಿ ಹಿಡಿಯಲಿ. ನೀವು ಸೋಲೆನಾಯ್ಡಿನ ಆ ಸಣ್ಣ ಟರ್ಮಿನಲ್‌ನಲ್ಲಿ ಮೀಟರ್ ಇಡಿ. 24 ವೋಲ್ಟ್ ಹತ್ತಿರ ಬರುತ್ತಿದ್ದೂ ಸದ್ದಿಲ್ಲದಿದ್ದರೆ ಸೋಲೆನಾಯ್ಡ್ ಅಥವಾ ಅದರ ಅರ್ಥ್ (ನೆಗೆಟಿವ್ ಕಡೆಯ ಕನೆಕ್ಷನ್) ಕೆಟ್ಟಿದೆ. ಏನೂ ಬರದಿದ್ದರೆ ವೈರ್ ಹಿಡಿದುಕೊಂಡು ಹಿಂದಕ್ಕೆ ಹೋಗಿ. ಮಿಲಿಟರಿ ವೈರಿಂಗ್‌ನ ರಬ್ಬರ್ ಕನೆಕ್ಟರ್‌ಗಳು ನೀರು ಹೋಗದ ಹಾಗೆ ಮಾಡಿದವು. ಆದರೆ ಹಳತಾದ ಮೇಲೆ ಒಮ್ಮೆ ಒಳಗೆ ಸೇರಿದ ನೀರು ಹೊರಗೂ ಬರುವುದಿಲ್ಲ. ಎಳೆದು ನೋಡಿದರೆ ಹಸಿರು ಕಿಲುಬು ಕಾಣುತ್ತದೆ.

ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸೆಲ್ಫ್ ಹೊಡೆಯುವ ಅಭ್ಯಾಸ ಕೆಲವರಿಗೆ ಇದೆ. ಬೇಡ. ಗೇರ್‌ನಲ್ಲಿದ್ದ ಗಾಡಿ ಹಾಗೇ ಮುಂದೆ ಬಂದು ಕೆಳಗಿದ್ದವರ ಮೇಲೆ ಹತ್ತಿದರೆ ಏನು ಗತಿ?

ಟಕ್ ಎಂದು ಸುಮ್ಮನಾಗುತ್ತದೆ, ಟಕಟಕ ಎನ್ನುತ್ತದೆ, ಅಥವಾ ಎಳೆದೆಳೆದು ತಿರುಗುತ್ತದೆ

ನಾನು ನೋಡಿದ ಸ್ಟಾರ್ಟಿಂಗ್ ತೊಂದರೆಗಳಲ್ಲಿ ಇದೇ ಜಾಸ್ತಿ. ಸದ್ದಿನ ವ್ಯತ್ಯಾಸ ಕಿವಿಗೆ ಬೀಳಬೇಕು. ಟಕಟಕ ಎಂದು ಬೇಗ ಬೇಗ ಬಡಿದುಕೊಂಡರೆ ಬ್ಯಾಟರಿ ಡೌನ್ ಆಗಿದೆ, ಇಲ್ಲವೇ ಎಲ್ಲೋ ಕನೆಕ್ಷನ್ ಲೂಸ್ ಇದೆ. ಒಂದೇ ಸಲ ಟಕ್ ಎಂದು ನಿಂತರೆ ಸೋಲೆನಾಯ್ಡ್ ಎಳೆದಿದೆ, ಆದರೆ ಮೋಟರಿಗೆ ಕರೆಂಟ್ ಸಾಲುತ್ತಿಲ್ಲ. ಎಳೆದೆಳೆದು ತಿರುಗುತ್ತಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಕರೆಂಟ್ ದಾರಿಯಲ್ಲೇ ಕಳೆದುಹೋಗುತ್ತಿದೆ. ಡೀಸೆಲ್ ಎಂಜಿನ್ ಹೊತ್ತಿಕೊಳ್ಳಲು ನಿಮಿಷಕ್ಕೆ ಕನಿಷ್ಠ 100ರಿಂದ 150 ಸುತ್ತಾದರೂ ಬೇಕು. ಅದಕ್ಕಿಂತ ನಿಧಾನವಾದರೆ ಒತ್ತಿದ ಗಾಳಿಯ ಬಿಸಿ ಸಿಲಿಂಡರ್ ಗೋಡೆಗೇ ಹೋಗಿಬಿಡುತ್ತದೆ. ಡೀಸೆಲ್ ಎಷ್ಟು ಚಿಮ್ಮಿದರೂ ಪ್ರಯೋಜನ ಇಲ್ಲ.

ಮೊದಲು ಬ್ಯಾಟರಿ. ಹೆಚ್ಚಿನ ಮಿಲಿಟರಿ ಟ್ರಕ್‌ಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ ಸೇರಿ 24 ವೋಲ್ಟ್ ಆಗುತ್ತದೆ. ಎರಡನ್ನೂ ಒಟ್ಟಿಗೆ ಅಳೆದು ಬಿಡಬೇಡಿ, ಒಂದೊಂದನ್ನೇ ಅಳೆಯಿರಿ. ಕೆಲವು ಗಂಟೆ ಸುಮ್ಮನೆ ಬಿಟ್ಟ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಖಾಲಿ. ಒಂದು 12.6, ಇನ್ನೊಂದು 12.1 ತೋರಿಸಿದರೆ ಎರಡನೆಯದೇ ಇಡೀ ಗಾಡಿಯನ್ನು ಎಳೆದು ಹಿಡಿದಿರುವುದು. ರೇಡಿಯೋ, ಫೋನ್ ಚಾರ್ಜರ್ ಎಂದು ಯಾರಾದರೂ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಲೈನ್ ಎಳೆದಿದ್ದಾರಾ ಹುಡುಕಿ. ಹಾಗೆ ಮಾಡಿದರೆ ಒಂದು ಬ್ಯಾಟರಿ ಸದಾ ಅರೆಹೊಟ್ಟೆ, ಇನ್ನೊಂದು ಓವರ್ ಚಾರ್ಜ್. ಕೊನೆಗೆ ಎರಡೂ ಹೋಗುತ್ತವೆ.

ನಂತರ ಸೆಲ್ಫ್ ಹೊಡೆಯುವಾಗಲೇ ಎರಡೂ ಸೇರಿ ಎಷ್ಟಿದೆ ನೋಡಿ. 18 ವೋಲ್ಟಿಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಮೋಟರ್ ವಿಪರೀತ ಎಳೆಯುತ್ತಿದೆ. 22–23ರಲ್ಲೇ ನಿಂತು ಎಂಜಿನ್ ಮಾತ್ರ ನಿಧಾನವಾಗಿ ತಿರುಗಿದರೆ ಬ್ಯಾಟರಿಯದು ತಪ್ಪಿಲ್ಲ, ದಾರಿಯದು ತಪ್ಪು.

ದಾರಿ ಪರೀಕ್ಷೆ ಸುಲಭ, ಆದರೂ ಜನ ಮಾಡುವುದಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಬೋಳು ಕಬ್ಬಿಣದ ಮೇಲೆ. ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಸರಿಯಿಲ್ಲ. ಹಾಗೆಯೇ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟ್‌ವರೆಗೆ. ಅಲ್ಲಿ ಒಂದು ವೋಲ್ಟ್ ದಾಟಬಾರದು.

ನನ್ನ ಟ್ರಕ್ಕಿನಲ್ಲಿ ಅರ್ಥ್ ಕಡೆ ಎರಡು ವೋಲ್ಟ್‌ಗೂ ಮೇಲೆ ತೋರಿಸಿತು. ಚಾಸಿಗೆ ಅರ್ಥ್ ಪಟ್ಟಿ ಕೂರುವ ಜಾಗ ಹೊರಗಿನಿಂದ ನೋಡಲು ಅಚ್ಚುಕಟ್ಟಾಗಿತ್ತು. ಬೋಲ್ಟ್ ಬಿಚ್ಚಿದೆ. ಹಸಿರು ಬಣ್ಣ ಪದರ ಪದರವಾಗಿ ಎದ್ದು ಬಂತು. ಅದರ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ಇನ್ನೊಂದು ಕೋಟ್ ಬಣ್ಣ. ಪ್ರತಿ ಸಲ ಬಣ್ಣ ಹೊಡೆದವರು ಪಟ್ಟಿಯ ಮೇಲೆ, ಬೋಲ್ಟಿನ ಸುತ್ತ, ಎಲ್ಲಾ ಕಡೆ ಹೊಡೆದಿದ್ದರು. ಎಮರಿ ಪೇಪರಿನಲ್ಲಿ ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ತಿಕ್ಕಿದೆ. ಪಟ್ಟಿಯ ಎರಡೂ ಮುಖ ತಿಕ್ಕಿದೆ. ಬಿಗಿದು, ಮೇಲಿನಿಂದ ಗ್ರೀಸ್ ಸವರಿದೆ. ಆಮೇಲೆ ಸೆಲ್ಫ್ ಹೊಡೆದಾಗ ಬಂದ ಸದ್ದೇ ಬೇರೆ. ಅದುವರೆಗೂ ಆ ಎಂಜಿನ್ ಅಷ್ಟು ಜೋರಾಗಿ ತಿರುಗಬಲ್ಲದು ಎಂದೇ ನನಗೆ ಗೊತ್ತಿರಲಿಲ್ಲ. ಮಿಲಿಟರಿ ಗಾಡಿ ತಂದವರು ಬೇರೇನೂ ಮಾಡದಿದ್ದರೂ ಅರ್ಥ್ ಜಾಗಗಳನ್ನೆಲ್ಲ ಒಮ್ಮೆ ಬಿಚ್ಚಿ ತಿಕ್ಕಲೇಬೇಕು.

ಬ್ಯಾಟರಿ, ಕೇಬಲ್ ಎರಡೂ ಸರಿಯಿದ್ದು ಟಕ್ ಎಂದಷ್ಟೇ ಆದರೆ ಸೋಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಅಥವಾ ಮೋಟರಿನ ಕಾರ್ಬನ್ ಬ್ರಷ್ ಸವೆದಿರುತ್ತದೆ. ಸೆಲ್ಫ್ ಬಿಚ್ಚಿ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯಿರಿ. ಬಿಚ್ಚುವಾಗ ಕೆಳಗೊಂದು ಆಸರೆ ಕೊಡಿ, ದೊಡ್ಡ ಟ್ರಕ್ಕಿನ ಸೆಲ್ಫ್ ತುಂಬಾ ಭಾರ.

ಜಂಪ್ ಕೊಡುವಾಗ ಎಚ್ಚರ. 12 ವೋಲ್ಟ್ ಕಾರಿನಿಂದ 24 ವೋಲ್ಟ್ ಟ್ರಕ್ಕಿಗೆ ಜಂಪ್ ಕೊಡಬೇಡಿ, ಕಾರಿನ ಎಲೆಕ್ಟ್ರಿಕಲ್ ಸುಟ್ಟು ಹೋಗಬಹುದು. ಇನ್ನೊಂದು 24 ವೋಲ್ಟ್ ಗಾಡಿ ಬೇಕು, ಇಲ್ಲವೇ ನಡುವಿನ ಕೇಬಲ್ ಕಳಚಿ ಎರಡೂ ಬ್ಯಾಟರಿಯನ್ನು 12 ವೋಲ್ಟ್ ಚಾರ್ಜರಿನಲ್ಲಿ ಬೇರೆ ಬೇರೆ ಚಾರ್ಜ್ ಮಾಡಿ. ಕೆಲವು ಗಾಡಿಗಳದು ಇನ್ನೊಂದು ರೀತಿ. ಅಮೆರಿಕ ಸೇನೆಯ ಸಿಯುಸಿವಿ ಪಿಕಪ್‌ಗಳಲ್ಲಿ ಸೆಲ್ಫ್‌ಗೆ 24 ವೋಲ್ಟ್, ಲೈಟು ಮುಂತಾದವಕ್ಕೆ 12 ವೋಲ್ಟ್. ನಿಮ್ಮ ಗಾಡಿಯ ವೈರಿಂಗ್ ಚಿತ್ರ ನೋಡದೆ ಕೇಬಲ್ ಹಾಕಬೇಡಿ. ಬ್ಯಾಟರಿ ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಕೈಯಲ್ಲಿ ಉಂಗುರ, ಗಡಿಯಾರ ಬೇಡ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಒಂದು ಕಿಡಿ ಬಿದ್ದರೆ ಸಿಡಿಯುತ್ತದೆ.

ಅರ್ಧ ಸುತ್ತು ತಿರುಗಿ ದಡ್ ಎಂದು ನಿಲ್ಲುತ್ತದೆ

ಇಲ್ಲಿ ನಿಲ್ಲಿಸಿ. ಇನ್ನೊಮ್ಮೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರ್ ಒಳಗೆ ನೀರು, ಕೂಲೆಂಟ್ ಅಥವಾ ಡೀಸೆಲ್ ತುಂಬಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗುವುದಿಲ್ಲ. ಹಟ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಝಲ್‌ಗಳನ್ನು ಬಿಚ್ಚಿ, ಕೈಯಿಂದ ತಿರುಗಿಸಿ, ಏನು ಹೊರಬರುತ್ತದೆ ನೋಡಬೇಕು. ಮೇಲ್ಮುಖ ಸೈಲೆನ್ಸರ್‌ನ ಮುಚ್ಚಳ ಹೋಗಿ ಮಳೆನೀರು ಇಳಿದಿದ್ದರೆ ಒರೆಸಿ ಒಣಗಿಸಬಹುದು. ಕೂಲೆಂಟ್ ಬಂದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಸಮಸ್ಯೆ, ಅದು ಮೆಕ್ಯಾನಿಕ್ ಕೆಲಸ.

ಚೆನ್ನಾಗಿ ತಿರುಗುತ್ತದೆ, ಆದರೆ ಹೊಗೆಯೇ ಇಲ್ಲ

ಹೊಗೆ ಇಲ್ಲ ಎಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಅಷ್ಟೇ.

ಮೊದಲು ಸ್ಟಾಪ್ ಕೇಬಲ್. ಹಿಂದಿನ ಸಲ ಎಂಜಿನ್ ನಿಲ್ಲಿಸಲು ಎಳೆದದ್ದು ಪೂರ್ತಿ ಒಳಗೆ ಹೋಗಿದೆಯಾ? ಕ್ಯಾಬಿನ್ನಿನಲ್ಲಿ ನಾಬ್ ಒಳಗಿದ್ದರೂ ಪಂಪ್ ಹತ್ತಿರ ಲಿವರ್ ಅಲ್ಲೇ ಸಿಕ್ಕಿಕೊಂಡಿರಬಹುದು. ಬಾನೆಟ್ ಎತ್ತಿ ಕಣ್ಣಾರೆ ನೋಡಿ. ಕರೆಂಟಿನ ಸ್ಟಾಪ್ ಸೋಲೆನಾಯ್ಡ್ ಇದ್ದರೆ ಸ್ವಿಚ್ ಹಾಕಿದಾಗ ಟಿಕ್ ಎನ್ನಬೇಕು. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ ಎಂದು ಮೀಟರ್ ನಂಬದೆ ಕಡ್ಡಿ ಇಳಿಸಿ ನೋಡಿ. ಎರಡು ಟ್ಯಾಂಕ್ ಇದ್ದರೆ ವಾಲ್ವ್ ಯಾವ ಕಡೆ ತಿರುಗಿದೆ? ಅಮೆರಿಕ ಸೇನೆಯ ಎಂ35ಎ2 ಥರದ ಟ್ರಕ್‌ಗಳಲ್ಲಿ ಟ್ಯಾಂಕಿನೊಳಗೇ ಕರೆಂಟ್ ಪಂಪ್ ಇರುತ್ತದೆ. ಸ್ವಿಚ್ ಹಾಕಿ ಟ್ಯಾಂಕಿಗೆ ಕಿವಿ ಕೊಟ್ಟರೆ ಗುಂಯ್ ಎನ್ನುವುದು ಕೇಳಿಸುತ್ತದೆ. ಕೇಳಿಸದಿದ್ದರೆ ಮೊದಲು ಅದರ ವೈರ್ ನೋಡಿ.

ಆಮೇಲೆ ಫಿಲ್ಟರ್. ಕೆಳಗಿನ ಡ್ರೈನ್ ಬಿಚ್ಚಿ ಗಾಜಿನ ಬಾಟಲಿಗೆ ಸ್ವಲ್ಪ ಹಿಡಿಯಿರಿ. ಹತ್ತು ನಿಮಿಷ ಬಿಟ್ಟು ನೋಡಿ. ನೀರಿದ್ದರೆ ಕೆಳಗೆ ಇಳಿದು ಬೇರೆ ಗೆರೆಯಾಗಿ ನಿಲ್ಲುತ್ತದೆ. ನಡುವೆ ಕಪ್ಪು ಲೋಳೆ ಕಂಡರೆ ಅದು ಡೀಸೆಲ್ ಮತ್ತು ನೀರು ಸೇರುವ ಜಾಗದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳದ್ದು. ಆಗ ಫಿಲ್ಟರ್ ಒಂದನ್ನೇ ಬದಲಿಸಿದರೆ ಸಾಲದು, ಟ್ಯಾಂಕ್ ಇಳಿಸಿ ತೊಳೆಯಬೇಕು. ಇಲ್ಲದಿದ್ದರೆ ಹೊಸ ಫಿಲ್ಟರ್ ಕೂಡ ಕೆಲವೇ ದಿನಕ್ಕೆ ಕಟ್ಟಿಕೊಳ್ಳುತ್ತದೆ. ಮರಗಟ್ಟುವ ಚಳಿಯಲ್ಲಿ ಡೀಸೆಲ್ಲಿನ ಮೇಣ ಗಟ್ಟಿಯಾಗಿಯೂ ಫಿಲ್ಟರ್ ಮುಚ್ಚುತ್ತದೆ. ಆಗ ಬೆಂಕಿ ಹಿಡಿದು ಕಾಯಿಸಬೇಡಿ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿದರೆ ಸಾಕು.

ಫಿಲ್ಟರ್ ಬದಲಿಸಿದ ಮೇಲೆ ಏರ್ ತೆಗೆಯಲೇಬೇಕು. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ (ಏರ್ ಹೊರಬಿಡುವುದು) ಸಡಿಲಿಸಿ, ಹ್ಯಾಂಡ್ ಪ್ರೈಮರ್ (ಕೈಯಿಂದ ಡೀಸೆಲ್ ತಳ್ಳುವ ಪುಟ್ಟ ಪಂಪ್) ಒತ್ತುತ್ತಾ ಇರಿ. ಮೊದಲು ಬುಸ್ ಎನ್ನುತ್ತದೆ, ಆಮೇಲೆ ನೊರೆ ಬರುತ್ತದೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಹಾಗೆಯೇ ಇಂಜೆಕ್ಷನ್ ಪಂಪಿನ ಬ್ಲೀಡ್ ಸ್ಕ್ರೂ. ಇನ್ನೂ ಆಗದಿದ್ದರೆ ನಾಝಲ್ ಕಡೆಯ ಪೈಪ್ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಮೇಲೆ ಬಟ್ಟೆ ಹೊದಿಸಿ, ದೂರ ನಿಂತು ಸೆಲ್ಫ್ ಹೊಡೆಸಿ. ಡೀಸೆಲ್ ಜಿನುಗಿದ ಕೂಡಲೇ ಬಿಗಿಯಿರಿ. ಒಂದು ಸಲಕ್ಕೆ 15 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಬೇಡ, ನಡುವೆ ಎರಡು ನಿಮಿಷ ಬಿಡುವು ಕೊಡಿ. ಸೆಲ್ಫ್ ಮೋಟರ್ ಸುಟ್ಟುಕೊಂಡ ಎಷ್ಟೋ ಜನ ಇಲ್ಲಿ ಆತುರ ಪಟ್ಟವರೇ.

ನಾಝಲ್ ಪೈಪಿನ ಒತ್ತಡ 200 ಬಾರ್‌ಗೂ ಮೇಲಿರಬಹುದು. ಸೋರುವ ಜಾಗಕ್ಕೆ ಬೆರಳಿಟ್ಟು ನೋಡಬೇಡಿ. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಇರಲಿಕ್ಕಿಲ್ಲ. ಆದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಬೆರಳೇ ಹೋಗಬಹುದು.

ನಿನ್ನೆ ಚೆನ್ನಾಗಿತ್ತು, ಬೆಳಗ್ಗೆ ಒದ್ದಾಡುತ್ತದೆ. ಅಥವಾ ಸ್ಟಾರ್ಟ್ ಆಗಿ ಅರ್ಧ ನಿಮಿಷಕ್ಕೆ ನಿಲ್ಲುತ್ತದೆ

ಎಲ್ಲೋ ಏರ್ ಎಳೆಯುತ್ತಿದೆ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಲೈನಿನಲ್ಲಿ ಪಂಪ್ ಡೀಸೆಲ್ಲನ್ನು ಹೀರಿಕೊಳ್ಳುವ ಗಾಡಿಗಳಲ್ಲಿ ಅಲ್ಲಿ ಸಂದು ಬಿಟ್ಟರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ನೆಲದ ಮೇಲೆ ಒಂದು ಹನಿಯೂ ಕಾಣದೆ ಜನ ದಾರಿ ತಪ್ಪುತ್ತಾರೆ. ರಾತ್ರಿಯಿಡೀ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸ್ ಇಳಿದು ಬೆಳಗ್ಗೆ ಲೈನ್ ಖಾಲಿ.

ಪಾರದರ್ಶಕ ಪೈಪ್ ಬೇಕಾಗುವುದು ಇಲ್ಲಿ. ಫೀಡ್ ಪಂಪಿಗೆ ಬರುವ ಲೈನಿನಲ್ಲಿ ಒಂದು ಅಡಿ ತುಂಡು ಹಾಕಿ, ಎಂಜಿನ್ ಓಡಿಸಿ, ಹತ್ತಿರ ಕೂತು ನೋಡಿ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಸಾಲಾಗಿ ಹೋಗುತ್ತಿದ್ದರೆ ಕಳ್ಳ ಟ್ಯಾಂಕ್ ಕಡೆಗಿದ್ದಾನೆ. ಪೈಪನ್ನು ಒಂದೊಂದು ಜೋಡಣೆ ಹಿಂದಕ್ಕೆ ಹಾಕುತ್ತಾ ಹೋಗಿ. ಗುಳ್ಳೆ ನಿಂತಿತಾ, ಹಾಗಿದ್ದರೆ ಈಗ ದಾಟಿ ಬಂದ ಜೋಡಣೆಯೇ ಕೆಟ್ಟಿದೆ. ಬಿರುಕು ಬಿಟ್ಟ ರಬ್ಬರ್ ಹೋಸ್, ಒಂದೇ ತಾಮ್ರದ ವಾಷರನ್ನು ಮತ್ತೆ ಮತ್ತೆ ಬಳಸಿದ ಬ್ಯಾಂಜೋ ಬೋಲ್ಟ್ (ಒಳಗಿನಿಂದ ಡೀಸೆಲ್ ಹಾಯುವ ಪೊಳ್ಳು ಬೋಲ್ಟ್), ಹ್ಯಾಂಡ್ ಪ್ರೈಮರಿನ ಸೀಲ್, ಫಿಲ್ಟರ್ ಗ್ಯಾಸ್ಕೆಟ್, ಸಾಮಾನ್ಯವಾಗಿ ಇವುಗಳಲ್ಲೇ ಒಂದು. ಪರೀಕ್ಷೆ ಮುಗಿದ ಮೇಲೆ ಆ ತುಂಡನ್ನು ತೆಗೆದು ಸರಿಯಾದ ಡೀಸೆಲ್ ಹೋಸ್ ಹಾಕಿ. ಎಂಜಿನ್ ಬಿಸಿಗೆ ಅದು ತಡೆಯುವುದಿಲ್ಲ.

ಗುಳ್ಳೆಯೇ ಇಲ್ಲದೆ ಎಂಜಿನ್ ನಿಲ್ಲುತ್ತಿದ್ದರೆ ಟ್ಯಾಂಕ್ ಮುಚ್ಚಳ ಸಡಿಲಿಸಿ ನೋಡಿ. ಗಾಳಿ ಕಿಂಡಿ ಮುಚ್ಚಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಕಟ್ಟಿ ಡೀಸೆಲ್ ಬರುವುದು ನಿಲ್ಲುತ್ತದೆ.

ಬಿಳಿ ಹೊಗೆ ಬರುತ್ತದೆ, ಹೊತ್ತಿಕೊಳ್ಳುವುದಿಲ್ಲ

ಇದು ಒಳ್ಳೆಯ ಸುದ್ದಿಯೇ. ಡೀಸೆಲ್ ಸಿಲಿಂಡರ್ ತಲುಪಿದೆ, ಬಿಸಿ ಸಾಲದೆ ಆವಿಯಾಗಿ ಹೊರಬರುತ್ತಿದೆ. ಎಂಜಿನ್ ಸಾಕಷ್ಟು ವೇಗವಾಗಿ ತಿರುಗುತ್ತಿದೆಯಾ ಎಂದು ಮತ್ತೊಮ್ಮೆ ನೋಡಿ, ಆಮೇಲೆ ಹೀಟರ್. ಗ್ಲೋ ಪ್ಲಗ್ (ಸಿಲಿಂಡರಿನೊಳಗೆ ಕಾಯುವ ಕರೆಂಟ್ ಹೀಟರ್) ಇದ್ದರೆ ವೈರ್ ಕಳಚಿ ಒಂದೊಂದನ್ನೂ ಓಮ್ ಮೀಟರಿನಲ್ಲಿ ಅಳೆಯಿರಿ. ಸರಿಯಿದ್ದದ್ದು ಬಹಳ ಕಡಿಮೆ ಓಮ್ ತೋರಿಸುತ್ತದೆ, ಸುಟ್ಟದ್ದು ಓಪನ್. ಹೊಸ ಪ್ಲಗ್ ಹಾಕಿದರೂ ಮತ್ತೆ ಮತ್ತೆ ಸುಡುತ್ತಿದ್ದರೆ ರಿಲೇ ಅಂಟಿಕೊಂಡು ಕರೆಂಟ್ ಬಿಡುತ್ತಲೇ ಇದೆಯಾ ನೋಡಿ. ಕೆಲವು ಟ್ರಕ್‌ಗಳಲ್ಲಿ ಗ್ಲೋ ಪ್ಲಗ್ ಬದಲು ಫ್ಲೇಮ್ ಹೀಟರ್ ಇರುತ್ತದೆ. ಅದು ಗಾಳಿ ಹೋಗುವ ಮ್ಯಾನಿಫೋಲ್ಡಿನಲ್ಲೇ ಸ್ವಲ್ಪ ಡೀಸೆಲ್ ಉರಿಸಿ ಗಾಳಿ ಕಾಯಿಸುತ್ತದೆ.

ಗ್ಲೋ ಪ್ಲಗ್ ಅಥವಾ ಫ್ಲೇಮ್ ಹೀಟರ್ ಇರುವ ಎಂಜಿನ್‌ಗೆ ಈಥರ್ ಸ್ಪ್ರೇ (ಬೇಗ ಹೊತ್ತಿಕೊಳ್ಳುವ ಸ್ಟಾರ್ಟಿಂಗ್ ಸ್ಪ್ರೇ) ಯಾವತ್ತೂ ಹೊಡೆಯಬೇಡಿ. ಮ್ಯಾನಿಫೋಲ್ಡ್ ಒಳಗೇ ಸಿಡಿಯಬಹುದು. ಹೀಟರ್ ಇಲ್ಲದ ಎಂಜಿನ್‌ನಲ್ಲೂ ಈಥರ್ ಬೇಕಾದ್ದಕ್ಕಿಂತ ಮೊದಲೇ ಹೊತ್ತಿ ಪಿಸ್ಟನ್, ರಿಂಗ್ ಮುರಿಯುತ್ತದೆ. ನಾನಂತೂ ಆ ಡಬ್ಬಿಯನ್ನು ಟ್ರಕ್ ಹತ್ತಿರ ತರುವುದಿಲ್ಲ.

ಹೀಟರ್ ಸರಿಯಿದ್ದೂ, ವೇಗವಾಗಿ ತಿರುಗಿಯೂ ಬಿಳಿ ಹೊಗೆಯಷ್ಟೇ ಬಂದರೆ ಕಂಪ್ರೆಷನ್ (ಗಾಳಿ ಒತ್ತುವ ಬಲ), ಟೈಮಿಂಗ್ (ಡೀಸೆಲ್ ಚಿಮ್ಮುವ ಸಮಯ), ನಾಝಲ್ ಮೂರರಲ್ಲಿ ಒಂದು.

ಕಪ್ಪು ಹೊಗೆ

ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್ ತೆಗೆದು ಪೈಪಿನೊಳಗೆ ಟಾರ್ಚ್ ಬಿಡಿ. ನಿಂತ ಟ್ರಕ್ಕಿನಲ್ಲಿ ಇಲಿ ಗೂಡು ಕಟ್ಟುವುದು ಮಾಮೂಲು. ಗೂಡಿನ ಚೂರು ಒಳಗೆ ಬೀಳದ ಹಾಗೆ ಪೂರ್ತಿ ತೆಗೆದ ಮೇಲೆಯೇ ಸೆಲ್ಫ್ ಹೊಡೆಯಿರಿ.

ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತದೆ, ಬಿಸಿಯಾದ ಮೇಲೆ ಆಗುವುದಿಲ್ಲ

ಬಿಸಿಯಾದಾಗ ಸೆಲ್ಫೇ ನಿಧಾನವಾದರೆ ಮೋಟರ್ ಅಥವಾ ಕೇಬಲ್ ನೋಡಿ. ಸೆಲ್ಫ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದೆ, ಒಂದು ಗಂಟೆ ಬಿಟ್ಟರೆ ಸರಿಹೋಗುತ್ತದೆ ಎಂದಾದರೆ ಇಂಜೆಕ್ಷನ್ ಪಂಪ್ ಒಳಗೆ ಸವೆದಿದೆ. ಬಿಸಿಗೆ ಡೀಸೆಲ್ ತೆಳುವಾಗಿ ಸವೆದ ಸಂದಿಯಲ್ಲೇ ಜಾರಿಹೋಗುತ್ತದೆ, ಒತ್ತಡ ಏರುವುದಿಲ್ಲ. ರೋಟರಿ ಪಂಪ್‌ಗಳಲ್ಲಿ ಇದು ಜಾಸ್ತಿ. ಬಿಸಿ ಪಂಪ್ ಮೇಲೆ ತಣ್ಣೀರು ಸುರಿದು ಪರೀಕ್ಷೆ ಮಾಡುವವರಿದ್ದಾರೆ. ಪಂಪ್ ಹಿಡಿದುಕೊಂಡು ಬಿಡಬಹುದು, ತಾನಾಗಿ ತಣಿಯಲು ಬಿಡಿ.

ಪಂಪ್ ಮೆಕ್ಯಾನಿಕ್‌ಗೆ ಕೊಡಬೇಕಾದದ್ದು

ಇಂಜೆಕ್ಷನ್ ಪಂಪ್ ಬಿಚ್ಚುವುದು, ಟೈಮಿಂಗ್, ನಾಝಲ್ ಒತ್ತಡ ಹೊಂದಿಸುವುದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಅದಕ್ಕೆ ಟೆಸ್ಟ್ ಬೆಂಚ್ ಬೇಕು. ಕಂಪ್ರೆಷನ್ ಅಳೆಯಲು ಡೀಸೆಲ್ ಗೇಜೇ ಬೇಕು, ಪೆಟ್ರೋಲ್ ಗೇಜ್ ಒಡೆದುಹೋಗುತ್ತದೆ. ಹೋಗುವಾಗ ನೀವು ಅಳೆದ ವೋಲ್ಟ್, ಹೊಗೆಯ ಬಣ್ಣ, ಏರ್ ತೆಗೆದದ್ದು, ಫಿಲ್ಟರ್ ಬದಲಿಸಿದ್ದು ಎಲ್ಲಾ ಒಂದು ಹಾಳೆಯಲ್ಲಿ ಬರೆದು ಕೊಡಿ. ಅವರು ಅದೇ ಕೆಲಸ ಮತ್ತೆ ಮಾಡುವುದು ತಪ್ಪುತ್ತದೆ.

ನಾಝಲ್ ನೀವೇ ಬಿಚ್ಚಿ ಒಯ್ಯುವುದಾದರೆ ಯಾವ ಸಿಲಿಂಡರಿನದು ಯಾವುದು ಎಂದು ಗುರುತು ಹಾಕಿ, ತೂತುಗಳಿಗೆ ಶುಭ್ರ ಬಟ್ಟೆ ತುರುಕಿ. ವಾಪಸ್ ಹಾಕುವ ಮುಂಚೆ ಬಟ್ಟೆ ತೆಗೆದು ಟಾರ್ಚ್ ಬಿಟ್ಟು ನೋಡಿ. ಹಳೇ ತಾಮ್ರದ ವಾಷರ್ ತೂತಿನ ತಳದಲ್ಲೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸದು ಕೂತರೆ ನಾಝಲ್ ತುದಿ ಒಂದು ವಾಷರಿನಷ್ಟು ಮೇಲೆ ನಿಂತು, ಡೀಸೆಲ್ ಚಿಮ್ಮುವ ಜಾಗವೇ ತಪ್ಪಿ ಮತ್ತೆ ಬಿಳಿ ಹೊಗೆ ಶುರುವಾಗುತ್ತದೆ.